ಜೋಡಿಗೆ ಹೇಳದ ರಜೆ

ಲಿಫ್ಟ್ ರಿಪೇರಿ ಕಂಪನಿಯಲ್ಲಿ ಅವನ ಹೆಸರನ್ನು ಯಾರೂ ಎರಡನೇ ಸಲ ಕೇಳಲಿಲ್ಲ. ಮೊದಲ ದಿನ 'ಹೊಸಬ' ಅಂದರು, ಅದೇ ಅಂಟಿಕೊಂಡಿತು. ಅವನಿಗಿಂತ ಮುಂಚೆ ಹೊಸಬನಾಗಿದ್ದವನು ಅವತ್ತು ಬಡ್ತಿ ಸಿಕ್ಕವನ ಹಾಗೆ ಎದೆಯುಬ್ಬಿಸಿಕೊಂಡು ಓಡಾಡಿದ. ಇನ್ನೊಬ್ಬ ಬರುವ ತನಕ ಈ ಪಟ್ಟ ನಿನ್ನದೇ ಎಂದು ಸ್ಪ್ಯಾನರ್ ಪೆಟ್ಟಿಗೆಯನ್ನು ಇವನ ಕೈಗೆ ದಾಟಿಸಿದ. ಕಬ್ಬಿಣದ ಆ ಪೆಟ್ಟಿಗೆಯನ್ನು ಹೊತ್ತವನ ಮೊಣಕಾಲಿಗೆ ತಾಗಲೆಂದೇ ಮಾಡಿದಂತಿತ್ತು.

ಅಲ್ಲಿ ಕೆಲಸವೆಲ್ಲ ಜೋಡಿಯ ಮೇಲೆ ನಡೆಯುತ್ತಿತ್ತು. ಒಬ್ಬ ಮೇಲೆ, ತಾರಸಿಯ ಯಂತ್ರದ ಕೋಣೆಯಲ್ಲಿ. ಇನ್ನೊಬ್ಬ ಶಾಫ್ಟಿನ ಒಳಗೆ, ಲಿಫ್ಟ್ ಡಬ್ಬಿಯ ನೆತ್ತಿಯ ಮೇಲೆ. ಒಳಗಿನವನ ಜೀವ ಮೇಲಿನವನ ಕೈಯಲ್ಲಿ. ಒಳಗಿನವನು ನಿಲ್ಲಿಸು ಎಂದರೆ ಮೇಲಿನವನು ಲಿಫ್ಟ್ ನಿಲ್ಲಿಸಿ, ಮೇನ್ ಸ್ವಿಚ್ ಇಳಿಸಿ, ಅದಕ್ಕೆ ತನ್ನ ಸ್ವಂತ ಬೀಗ ಜಡಿದು, ಕೀಲಿಯನ್ನು ತನ್ನ ಜೇಬಿಗೆ ಹಾಕಿಕೊಳ್ಳಬೇಕು. ಆ ಬೀಗವನ್ನು ಇನ್ನೊಬ್ಬ ತೆಗೆಯುವಂತಿಲ್ಲ, ಒಡೆಯುವಂತಿಲ್ಲ. ಕಂಪನಿಯಲ್ಲಿ ಎಲ್ಲದಕ್ಕೂ ತಮಾಷೆ ನಡೆಯುತ್ತಿತ್ತು, ಈ ಬೀಗದ ವಿಷಯಕ್ಕೆ ಮಾತ್ರ ಯಾರೂ ನಗುತ್ತಿರಲಿಲ್ಲ.

ರಜೆಯೂ ಜೋಡಿಯ ಮೇಲೆಯೇ. ರಜೆ ಬೇಕಾದವನು ಮೊದಲು ತನ್ನ ಜೋಡಿಯನ್ನು ಕೇಳಬೇಕು, ಆಮೇಲೆ ಆಫೀಸು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಆದರೆ ಯಾರೇ ರಜೆ ಕೇಳಿಕೊಂಡು ಹೋದರೂ ಮ್ಯಾನೇಜರ್ ಮೇಡಂ ತಲೆಯೆತ್ತದೆ ಕೇಳುತ್ತಿದ್ದ ಮೊದಲ ಮಾತು, "ಜೋಡಿಗೆ ಹೇಳಿದ್ದೀಯಾ?" ಇಲ್ಲ ಅಂದವನು ಬಂದ ದಾರಿಗೆ ಸುಂಕವಿಲ್ಲ ಎಂದು ವಾಪಸು ಹೋಗಬೇಕು. ಟ್ರಯಲ್ ಮೇಲಿರುವ ಹೊಸಬರನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂಬುದಕ್ಕೂ ಜೋಡಿಯ ಮಾತೇ ಕೊನೆಯ ಮಾತು.

ಹೊಸಬನಿಗೆ ಸಿಕ್ಕ ಜೋಡಿ ತಡಿ ಮಾವ. ತೆಳ್ಳಗಿನ, ತಲೆ ನರೆತ ಮನುಷ್ಯ. ಯಾವ ಮಾತಿಗಾದರೂ ಮೊದಲು "ತಡಿ" ಅನ್ನುವುದು ಅವರ ಅಭ್ಯಾಸ. ಊಟಕ್ಕೆ ಹೋಗೋಣವೇ ಎಂದರೆ ತಡಿ. ಮಳೆ ಬಂತು ಒಳಗೆ ಬನ್ನಿ ಎಂದರೂ ತಡಿ. ಹುಡುಗಿ ಒಪ್ಪಿಗೆಯೇನಯ್ಯಾ ಎಂದು ಹಿರಿಯರು ಕೇಳಿದಾಗಲೂ ತಡಿ ಅಂದಿದ್ದರು ಎಂದು ಕಂಪನಿಯವರು ಕತೆ ಕಟ್ಟಿದ್ದರು. ಬೈಯುವವರಲ್ಲ, ಕೂಗಾಡುವವರಲ್ಲ. ಆದರೆ ಆ ಒಂದು ಮಾತು ಬಿದ್ದರೆ ಮೇಲಿನವನ ಕೈ ಸ್ವಿಚ್ಚಿನ ಮೇಲೆ ಹಾಗೇ ನಿಂತುಬಿಡುತ್ತಿತ್ತು. ಹೊಸಬನ ನಾಲಿಗೆಯೂ ನಿಂತುಬಿಡುತ್ತಿತ್ತು.

ಅವನ ನಾಲಿಗೆಯ ಮೇಲೆ ಒಂದು ವಿಷಯ ಕುಳಿತಿತ್ತು. ಅವನ ಹೆಂಡತಿ ತುಂಬು ಬಸುರಿ. ಅವನು ಈ ಕೆಲಸದ ಸಂದರ್ಶನಕ್ಕೆ ಹೋದಾಗಲೇ ಅವಳ ಹೊಟ್ಟೆ ಕಾಣುತ್ತಿತ್ತು. ಮನೆಯಲ್ಲಿ ಯಾರ್ಯಾರಿದ್ದೀರಿ ಎಂದು ಮೇಡಂ ಕೇಳಿದ್ದಕ್ಕೆ "ನಾನು, ನನ್ನ ಹೆಂಡ್ತಿ" ಅಂದಿದ್ದ. ಸುಳ್ಳೇನಲ್ಲ, ಮೂರನೆಯವರು ಇನ್ನೂ ಬಂದಿರಲಿಲ್ಲ. ಹಳೆಯ ಕೆಲಸ ಹೋಗಿ, ಖಾಲಿ ಕೂತು, ಅಂತೂ ಇಂತೂ ಸಿಕ್ಕ ಕೆಲಸ ಇದು. ಬರುತ್ತಲೇ ರಜೆ ಕೇಳುವವನು ಎಂಬ ಹೆಸರು ಹೊತ್ತುಕೊಂಡು ಒಳಗೆ ಹೋಗಲು ಅವನಿಗೆ ಮನಸ್ಸಾಗಲಿಲ್ಲ.

ಅಪ್ಪನಾದವನಿಗೆ ಒಂದು ತಿಂಗಳು ರಜೆ ಎಂಬುದು ಕಂಪನಿಯ ನಿಯಮದಲ್ಲೇ ಇತ್ತು, ಟ್ರಯಲ್ ಮೇಲಿದ್ದವನಿಗೂ ಇತ್ತು. ಆದರೆ ಅದನ್ನು ಇದುವರೆಗೆ ಯಾವ ಗಂಡಸೂ ಮುಟ್ಟಿರಲಿಲ್ಲ, ಅತಿಥಿಗಳಿಗೆಂದು ಎತ್ತಿಟ್ಟ ಗಾಜಿನ ಲೋಟದ ಹಾಗೆ ಅದು ಹಾಗೇ ಉಳಿದಿತ್ತು. ತಡಿ ಮಾವನಂತೂ ಒಮ್ಮೆ ಬುತ್ತಿ ಬಿಚ್ಚುತ್ತಾ ಹೇಳಿದ್ದರು. "ನನ್ನ ಮಗಳು ಹುಟ್ಟಿದಾಗ ನಾನೆಲ್ಲಿದ್ದೆ ಗೊತ್ತಾ? ಆಸ್ಪತ್ರೇಲಿ. ಲಿಫ್ಟ್ ಶಾಫ್ಟ್ ಒಳಗೆ. ಅವಳಿದ್ದ ಆಸ್ಪತ್ರೆ ಅಲ್ಲ, ಬೇರೆ ಆಸ್ಪತ್ರೆ. ಹೆರೋಳು ಅವಳು. ನಾನು ಹೋಗಿ ಏನು ಕಡಿದು ಕಟ್ಟೆ ಹಾಕ್ಬೇಕಿತ್ತು?" ಎಂದು ನಕ್ಕಿದ್ದರು. ಹೊಸಬನೂ ನಕ್ಕ. ನಕ್ಕಮೇಲೆ ರಜೆ ಕೇಳುವುದು ಇನ್ನಷ್ಟು ಕಷ್ಟವಾಯಿತು.

ಇತ್ತ ಮನೆಯಲ್ಲಿ ಹೆಂಡತಿ ದಿನಾ ಕೇಳುತ್ತಿದ್ದಳು. ಅವಳ ಅಮ್ಮ ಕಾಲು ಮುರಿದುಕೊಂಡು ಮಲಗಿದ್ದರು, ಅವರನ್ನೇ ಯಾರಾದರೂ ನೋಡಿಕೊಳ್ಳಬೇಕಾಗಿತ್ತು. ಅವನ ಕಡೆಯಿಂದ ಬರುವವರು ಯಾರೂ ಇರಲಿಲ್ಲ. ಮಗು ಬಂದ ಮೇಲೆ ಆ ಎರಡು ಕೋಣೆಯ ಮನೆಯಲ್ಲಿ ಅವಳು, ಮಗು, ಮತ್ತು ಇವನು ಇದ್ದರೆ ಇವನು. ಅವಳು ಹೆಚ್ಚೇನೂ ಕೇಳಿರಲಿಲ್ಲ. "ನನಗೆ ಅಡುಗೆ ಬೇಡ, ಆರೈಕೆ ಬೇಡ. ಇನ್ನೊಬ್ಬರು ದೊಡ್ಡೋರು ಮನೇಲಿದ್ರೆ ಸಾಕು. ಒಬ್ಬಳೇ ಇರೋಕೆ ನಂಗೆ ಭಯ" ಅಂದಿದ್ದಳು. ಭಯ ಎಂಬ ಮಾತನ್ನು ಅವಳ ಬಾಯಲ್ಲಿ ಅವನು ಕೇಳಿದ್ದು ಅದೇ ಮೊದಲು.

ಒಂದು ಸಂಜೆ ಅವಳು ಮತ್ತೆ ಕೇಳಿದಾಗ ಅವನು ಶೂ ಬಿಚ್ಚುತ್ತಾ, ತಲೆ ಬಗ್ಗಿಸಿಕೊಂಡೇ, "ಕೇಳಿದೆ. ರಜೆ ಸಿಕ್ತು" ಅಂದುಬಿಟ್ಟ. ಅವಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಬಂದವರ ಹೆಸರು ಬರೆದುಕೊಳ್ಳುವ ಕೆಲಸದವಳು. ನೋವೇ ಇಲ್ಲ ಎಂದು ಕೆನ್ನೆ ಊದಿಸಿಕೊಂಡು ಬರುವವರನ್ನು, ದಿನಾ ಎರಡು ಸಲ ಉಜ್ಜುತ್ತೇನೆ ಎಂದು ಆಣೆ ಮಾಡುವವರನ್ನು ನೋಡಿ ನೋಡಿ ಪಳಗಿದವಳು. ಆದರೂ ಅವತ್ತು ನಂಬಿದಳು, ಯಾಕೆಂದರೆ ನಂಬುವುದು ಅವಳಿಗೆ ಬೇಕಾಗಿತ್ತು. ಆ ಸಂಜೆ ಹಾಡು ಗುನುಗಿಕೊಂಡು ಮಗುವಿನ ಬಟ್ಟೆ ಮಡಚಿದಳು. ನಾಳೆ ಮಾವನನ್ನು ಕೇಳಿದರೆ ಸುಳ್ಳೂ ನಿಜವಾಗುತ್ತದೆ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ನಾಳೆ ಬಂತು, ಹೋಯಿತು. ಮೀನಮೇಷ ಎಣಿಸುತ್ತಾ ಒಂದು ತಿಂಗಳು ಕಳೆಯಿತು.

ಆ ಬೆಳಿಗ್ಗೆ ಅವರಿಬ್ಬರೂ ಹಳೆಯ ಕಟ್ಟಡವೊಂದರಲ್ಲಿದ್ದರು. ನೆಲಮಹಡಿಯಲ್ಲಿ ಸೋಫಾ ಅಂಗಡಿ, ಸೂರು ಎಷ್ಟು ಎತ್ತರವೆಂದರೆ ಬಲ್ಬು ಹೋದರೆ ಬದಲಾಯಿಸುವವರೇ ಇರಲಿಲ್ಲ. ಅದಕ್ಕೆ ತಕ್ಕಂತೆ ಲಿಫ್ಟಿನ ಶಾಫ್ಟಿನಲ್ಲೂ ನೆಲಮಹಡಿಗೂ ಮೊದಲ ಮಹಡಿಗೂ ನಡುವೆ ಉದ್ದಕ್ಕೆ ಬೋಳು ಗೋಡೆ. ಮಾವ ಡಬ್ಬಿಯ ನೆತ್ತಿಯ ಮೇಲೆ ನಿಂತು ಇಳಿಯುತ್ತಾ ಬಂದು, ಆ ಬೋಳು ಗೋಡೆಯ ನಡುಮಧ್ಯೆ "ನಿಲ್ಲಿಸು" ಅಂದರು. ಲಿಫ್ಟ್ ಓಡುವ ಹಳಿಯ ಒಂದು ಬೋಲ್ಟ್ ಸಡಿಲಾಗಿತ್ತು. "ನಿಲ್ಲಿಸ್ದೆ" ಎಂದ ಹೊಸಬ ಸ್ವಿಚ್ ಇಳಿಸಿ, ಬೀಗ ಹಾಕಿ, ಕೀಲಿ ಜೇಬಿಗೆ ಹಾಕಿಕೊಂಡ. ಇಬ್ಬರ ಫೋನುಗಳೂ ಯಂತ್ರದ ಕೋಣೆಯ ಚೀಲದಲ್ಲಿದ್ದವು. ಶಾಫ್ಟಿಗೆ ಇಳಿಯುವವನ ಬಳಿ ಫೋನ್ ಇರಬಾರದು, ಬಗ್ಗಿದಾಗ ಬಿದ್ದರೆ ಕೆಳಗಿರುವವರ ಬುರುಡೆಗೆ ಅಪಾಯ.

ಹೊಸಬನ ಫೋನ್ ಬಡಿದುಕೊಂಡಿತು. ಪಕ್ಕದ ಮನೆಯ ಡ್ರೈವರ್. "ನಿಮ್ಮನೆಯವರಿಗೆ ನೋವು ಶುರುವಾಗಿದೆ. ನಾನೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೀನಿ, ಬೇಗ ಬನ್ನಿ" ಅಂದ. ಡಾಕ್ಟರು ಹೇಳಿದ್ದ ದಿನಕ್ಕೆ ಇನ್ನೂ ಸಮಯವಿತ್ತು.

ಹಗ್ಗಗಳು ಇಳಿದುಹೋಗುವ ತೂತಿನ ಬಳಿ ಅವನು ಮಂಡಿಯೂರಿ ಕೂತ. ಕೆಳಗೆ ದೂರದಲ್ಲಿ ಮಾವನ ಟಾರ್ಚಿನ ಬೆಳಕು ಕಾಣುತ್ತಿತ್ತು, ಸ್ಪ್ಯಾನರ್ ತಿರುವುವ ಸದ್ದು ಕೇಳುತ್ತಿತ್ತು. ಬಾಯಿ ತೆರೆದ. ಈಗ ಕರೆದರೆ ಮಾವ ತಡಿ ಅನ್ನುತ್ತಾರೆ. ತಡಿ ಅಂದಮೇಲೆ ನಿಲ್ಲಬೇಕು. ನಿಂತರೆ ಯಾಕೆ, ಏನು, ಎತ್ತ ಎಂದು ಎಲ್ಲ ಹೇಳಬೇಕು, ಇಷ್ಟು ದಿನ ಮುಚ್ಚಿಟ್ಟಿದ್ದು ಯಾಕೆಂದೂ ಹೇಳಬೇಕು. ಅವನು ಬಾಯಿ ಮುಚ್ಚಿಕೊಂಡ. ಬೀಗ ಹಾಕಿದ್ದೇನೆ, ಲಿಫ್ಟ್ ಅಲ್ಲಾಡುವುದಿಲ್ಲ, ಆಸ್ಪತ್ರೆ ತಲುಪಿ ಯಾರಿಗಾದರೂ ಫೋನ್ ಮಾಡಿದರಾಯಿತು ಎಂದುಕೊಂಡ. ಆಮೇಲೆ ಮೆಟ್ಟಿಲಿಳಿದು ಓಡಿದ. ಇಳಿಯುವಾಗ ಅವನ ತಲೆಯಲ್ಲಿ ಹೆಂಡತಿಯೊಬ್ಬಳೇ ಇದ್ದಳು ಎನ್ನುವುದೂ ನಿಜ, ಮಾವನಿಗೆ ಹೆದರಿ ಓಡಿದ ಎನ್ನುವುದೂ ನಿಜ.

ಆಸ್ಪತ್ರೆಯಲ್ಲಿ ಹೆಂಡತಿ ಮಂಚದ ಸರಳು ಹಿಡಿದುಕೊಂಡಿದ್ದಳು. ಅವನನ್ನು ಕಂಡು, ನೋವಿನ ನಡುವೆಯೇ, "ಕೆಲಸದಲ್ಲಿ ಹೇಳಿ ಬಂದ್ರಾ?" ಎಂದು ಕೇಳಿದಳು.

"ಹೇಳಿದ್ದೀನಿ. ನೀನು ಅದೆಲ್ಲ ತಲೆಗೆ ಹಚ್ಕೋಬೇಡ" ಅಂದ. ಒಂದು ಸುಳ್ಳು ಹೇಳಿದವನಿಗೆ ಎರಡನೆಯದು ನೀರು ಕುಡಿದಷ್ಟು ಸಲೀಸಾಗಿ ಬಂತು.

ಆಮೇಲೆ ಅವನಿಗೆ ಲೋಕದ ಪರಿವೆ ಇರಲಿಲ್ಲ. ಅವಳು ಅವನ ಕೈ ಹಿಡಿದಳು, ಹಿಡಿದಳು ಅನ್ನುವುದಕ್ಕಿಂತ ಹಿಂಡಿದಳು. ನರ್ಸು ಇವನನ್ನು ಅಲ್ಲಿ ನಿಲ್ಲಿ ಇಲ್ಲಿ ನಿಲ್ಲಿ ಎಂದು ಮೇಜು ಕುರ್ಚಿ ಸರಿಸುವಂತೆ ಸರಿಸಿದಳು. ಯಾರಿಗಾದರೂ ಫೋನ್ ಮಾಡುವುದು ಎಂಬ ಲೆಕ್ಕಾಚಾರ ಎಲ್ಲಿ ಬಿದ್ದುಹೋಯಿತೋ ಅವನಿಗೇ ತಿಳಿಯಲಿಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಮಗು ಹುಟ್ಟಿತು. ಹೆಣ್ಣು. ಕೆಂಪಗೆ, ಮುಖ ಸುಕ್ಕುಮಾಡಿಕೊಂಡು, ಬಂದ ಜಾಗ ಇಷ್ಟವಾಗದವರ ಹಾಗೆ ಅಳುತ್ತಿತ್ತು. ಹೆಂಡತಿ ನಕ್ಕಳು, ಅವನೂ ನಕ್ಕ. ಅಷ್ಟು ಸಂತೋಷ ಅವನಿಗೆ ಹಿಂದೆಂದೂ ಆಗಿರಲಿಲ್ಲ.

"ಎತ್ಕೊಳ್ತೀರಾ?" ನರ್ಸು ಕೇಳಿದಳು. "ಕೈ ತೊಳ್ಕೊಂಡು ಬನ್ನಿ. ಅಂಗಿ ಜೇಬಲ್ಲಿ ಇರೋದೆಲ್ಲ ತೆಗೆದಿಡಿ, ಮಗುಗೆ ಚುಚ್ಚುತ್ತೆ."

ಅವನು ಕೈ ತೊಳೆದು, ಜೇಬು ಖಾಲಿ ಮಾಡಿದ. ಕರೆಂಟಿನ ಟೆಸ್ಟರ್, ಕರ್ಚೀಫು, ಕೆಂಪು ಟೇಪು ಸುತ್ತಿದ ಬೀಗದ ಕೀಲಿ.

ಕೀಲಿ ಕಂಡದ್ದೇ ಮಾವ ನೆನಪಾದರು. ಮಾವನ ಫೋನಿಗೆ ಕರೆ ಮಾಡಿದ. ಅದು ಬಡಿದುಕೊಂಡಿತು, ಬಡಿದುಕೊಳ್ಳುತ್ತಲೇ ಇತ್ತು. ಎಲ್ಲಿ ಬಡಿದುಕೊಳ್ಳುತ್ತಿದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಏನಾಯ್ತು?" ಹೆಂಡತಿ ಕೇಳಿದಳು.

"ಏನಿಲ್ಲ."

"ಹಲ್ಲು ನೋವಿಲ್ಲ ಅನ್ನೋರ ಮುಖ ಹೀಗೇ ಇರುತ್ತೆ. ಹೇಳಿ."

ಅವನು ಹೇಳಿದ. ಮಾವ, ಬೋಳು ಗೋಡೆ, ಬೀಗ, ಕೀಲಿ. ಅವಳು ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡಳು.

"ಬೆಳಿಗ್ಗೆಯಿಂದಾನಾ?"

"ಹೂಂ."

"ಅಲ್ಲೊಬ್ರು ಬೆಳಿಗ್ಗೆಯಿಂದ ಲಿಫ್ಟ್ ತಲೆ ಮೇಲೆ ಕೂತಿದಾರೆ, ನೀವಿಲ್ಲಿ ಮಗು ಮೂಗು ಯಾರ ಥರ ಇದೆ ಅಂತ ನೋಡ್ತಿದ್ದೀರಾ. ಹೋಗಿ, ಅವರನ್ನ ಇಳಿಸಿ ಬನ್ನಿ. ಮಗು ಎಲ್ಲೂ ಓಡಿಹೋಗಲ್ಲ."

ಅವನು ಬಾಗಿಲ ತನಕ ಹೋದ. ಹಿಂದಿನಿಂದ ಅವಳ ದನಿ ಬಂತು. "ರೀ. ಹೇಳಿ ಬಂದಿದ್ದೀನಿ ಅಂದ್ರಲ್ಲ, ಯಾರಿಗೆ ಹೇಳಿ ಬಂದ್ರಿ?"

ಅವನ ಕೈ ಬಾಗಿಲ ಹಿಡಿಯ ಮೇಲೇ ಉಳಿಯಿತು.

"ರಜೆ?"

"ಕೇಳಿಲ್ಲ" ಅಂದ.

ಅವಳು ಬೈಯಲಿಲ್ಲ. ಮಗುವನ್ನು ಎದೆಗೆ ಒತ್ತಿಕೊಂಡು ನಿಧಾನವಾಗಿ ಗೋಡೆಯ ಕಡೆಗೆ ಹೊರಳಿದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಟ್ಯಾಕ್ಸಿಯಲ್ಲಿ ಕೂತು ಅವನು ಯೋಚಿಸಿದ. ಯಾರಿಗೂ ಹೇಳದೆ ಹೋಗಿ ಬೀಗ ತೆಗೆದು, ಮಾವನ ಕಾಲಿಗೆ ಬಿದ್ದು, ವಿಷಯವನ್ನು ಅಲ್ಲೇ ಮುಚ್ಚಿಹಾಕಬಹುದು. ಅದೂ ಒಂದು ದಾರಿ. ಆದರೆ ಮುಚ್ಚಿಡುವ ಕೆಲಸ ಅವನಿಗೆ ಸಾಕಾಗಿಹೋಗಿತ್ತು. ಹಲ್ಲು ಕಚ್ಚಿ ಮ್ಯಾನೇಜರ್ ಮೇಡಂಗೆ ಫೋನ್ ಮಾಡಿ, ಮಗು ಹುಟ್ಟಿದ್ದರಿಂದ ಹಿಡಿದು ಕೀಲಿಯವರೆಗೆ ಎಲ್ಲ ಒದರಿದ.

"ನೀನು ಹೋಗಿ ಬೀಗ ತೆಗಿ. ನಾನೂ ಹೊರಟೆ" ಎಂದು ಮೇಡಂ ಫೋನ್ ಇಟ್ಟರು. ಅಂತೂ ನಿಜ ಹೇಳಿದೆನಲ್ಲ ಎಂದು ಅವನಿಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಯಿತು. ಆ ಹೆಮ್ಮೆ ಟ್ಯಾಕ್ಸಿ ಇಳಿಯುವ ತನಕ ಬಾಳಿತು.

ಕಟ್ಟಡದ ಮೊದಲ ಮಹಡಿಯಲ್ಲಿ, ಲಿಫ್ಟ್ ಬಾಗಿಲಿಗೆ ಮುಖಮಾಡಿ, ಒಬ್ಬ ವಯಸ್ಸಾದ ಹೆಂಗಸು ಸ್ಟೂಲ್ ಹಾಕಿಕೊಂಡು ಕೂತಿದ್ದರು. ಆ ಮಹಡಿಯಲ್ಲಿ ಹೊಲಿಗೆ ಕಲಿಸುವ ಟೀಚರ್. ಕನ್ನಡಕ ಮೂಗಿನ ತುದಿಗಿಳಿಸಿ ಗಟ್ಟಿಯಾಗಿ ಪೇಪರ್ ಓದುತ್ತಿದ್ದರು. ಸುದ್ದಿಯೆಲ್ಲ ಮುಗಿದು ಜಾಹೀರಾತಿಗೆ ಬಂದಿದ್ದರು.

"ಎರಡು ಕೋಣೆ ಮನೆ ಬಾಡಿಗೆಗಿದೆ. ನಾಲ್ಕನೇ ಮಹಡಿ. ಗಾಳಿ ಬೆಳಕು ಚೆನ್ನಾಗಿದೆ."

ಬಾಗಿಲಿನ ಆಚೆ, ಬಾವಿಯೊಳಗಿಂದ ಬಂದಂತೆ, ಮಾವನ ದನಿ ಕೇಳಿತು. "ಲಿಫ್ಟ್ ಇದೆಯಂತಾ?"

"ಬರೆದಿಲ್ಲಪ್ಪ."

"ಹಾಗಾದ್ರೆ ಬೇಡ ಬಿಡಿ."

ಹೊಸಬ ಮುಂದೆ ಬಂದು ನಿಂತ. ಟೀಚರ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀನೇನಪ್ಪಾ ಆ ಜೋಡಿ? ಬಂದ್ಯಾ, ಸದ್ಯ. ನಿಮ್ಮ ಆಫೀಸಿಗೆ ಫೋನ್ ಮಾಡ್ತೀನಿ ಅಂತ ನಾನು ಎಷ್ಟು ಸಲ ಅಂದೆ. ಈ ಮನುಷ್ಯ ಬಿಡ್ಲಿಲ್ಲ. ತಡೀರಮ್ಮ, ಬರ್ತಾನೆ, ನೀವು ಫೋನ್ ಮಾಡಿದ್ರೆ ಹುಡುಗನ ಕೆಲಸ ಹೋಗುತ್ತೆ ಅಂತ ಒಂದೇ ಹಟ."

ಯಾವುದು ಆಫೀಸಿಗೆ ಗೊತ್ತಾಗಬಾರದೆಂದು ಆ ಮನುಷ್ಯ ಅಷ್ಟು ಹೊತ್ತು ಕತ್ತಲಲ್ಲಿ ಕೂತಿದ್ದರೋ ಅದನ್ನು ಇವನೇ ಕೈಯಾರೆ ಮುಟ್ಟಿಸಿ ಬಂದಿದ್ದ.

ಅವನು ತಾರಸಿಗೆ ಓಡಿದ. ತೂತಿನ ಬಳಿ ಕೂತು "ಮಾವ, ಮೇಲಿದ್ದೀನಿ" ಅಂದ. ಸ್ವಲ್ಪ ತಡೆದು ಕೆಳಗಿನಿಂದ "ಮೇಲಿದ್ದೀಯ. ಬೀಗ ತೆಗಿ" ಎಂಬ ದನಿ ಬಂತು. ಅದರಲ್ಲಿ ಸಿಟ್ಟಿರಲಿಲ್ಲ, ಕೆಲಸದ ದನಿ. ಅವನು ಬೀಗ ತೆಗೆದು, ಸ್ವಿಚ್ ಏರಿಸಿ, ಮಾವ ಹೇಳಿದಷ್ಟೇ ಎತ್ತಿ, ಮೊದಲ ಮಹಡಿಗೆ ತಂದು ನಿಲ್ಲಿಸಿದ. ಮತ್ತೆ ಬೀಗ ಹಾಕಿ, ಚೀಲದಿಂದ ಬಾಗಿಲಿನ ಚಾವಿ ತೆಗೆದುಕೊಂಡು ಇಳಿದು ಬಂದು ಬಾಗಿಲು ತೆರೆದ.

ತಡಿ ಮಾವ ಹೊರಗೆ ಬಂದರು. ಸೊಂಟ ಅರ್ಧ ಬಗ್ಗಿದಲ್ಲೇ ಹಿಡಿದುಕೊಂಡಿತ್ತು, ಮುಖಕ್ಕೆಲ್ಲ ಗ್ರೀಸ್ ಮೆತ್ತಿತ್ತು. ಹೊಸಬ ಕಾಲಿಗೆ ಬೀಳಲು ಬಗ್ಗಿದ.

"ತಡಿ" ಎಂದು ಅವನನ್ನು ದಾಟಿಕೊಂಡು, ಟೀಚರ ಮನೆಯ ಬಚ್ಚಲಿಗೆ ಅವರು ನಡೆದ ರೀತಿಯನ್ನು ವರ್ಣಿಸುವುದು ಬೇಡ. ಬೆಳಿಗ್ಗೆಯಿಂದ ಕೂತವರು.

ವಾಪಸು ಬಂದು ಮೆಟ್ಟಿಲ ಮೇಲೆ ಕೂತರು. ಟೀಚರ್ ಒಂದು ಚೊಂಬು ನೀರು ಕೊಟ್ಟು, ಇದು ಗಂಡಸರ ಪಂಚಾಯಿತಿ ಎಂದು ಒಳಗೆ ಹೋದರು. ಬಾಗಿಲು ಮಾತ್ರ ಪೂರ್ತಿ ಹಾಕಲಿಲ್ಲ.

"ಏನಾಯ್ತು?" ಮಾವ ಕೇಳಿದರು.

"ಮಗು ಹುಟ್ತು."

"ಯಾರಿಗೆ?"

"ನಂಗೆ. ನನ್ನ ಹೆಂಡ್ತಿಗೆ. ಹೆಣ್ಣು ಮಗು."

ಮಾವ ಚೊಂಬು ಕೆಳಗಿಟ್ಟರು. "ನಿನ್ನ ಹೆಂಡ್ತಿ ಬಸುರಿ ಅಂತಾನೇ ನಂಗೊತ್ತಿಲ್ಲ. ದಿನಾ ಎದುರುಬದುರು ಕೂತು ಬುತ್ತಿ ಹಂಚ್ಕೊಂಡು ತಿಂತೀವಿ. ನಿನಗೆ ಬದನೆಕಾಯಿ ಆಗಲ್ಲ ಅಂತ ಗೊತ್ತು ನಂಗೆ. ಇದು ಗೊತ್ತಿಲ್ಲ."

"ನಾನೇನಂದ್ಕೊಂಡೆ ಗೊತ್ತಾ?" ಮಾವ ಮುಂದುವರಿಸಿದರು. "ಕೂಗಿದೆ, ಉತ್ತರ ಇಲ್ಲ. ಮತ್ತೆ ಕೂಗಿದೆ. ಕರೆಂಟ್ ಹೊಡೆದು ನೀನು ಮೇಲೆ ಸತ್ತು ಬಿದ್ದಿದ್ದೀಯ ಅಂದ್ಕೊಂಡೆ. ನಾನಿಲ್ಲಿ, ನೀನಲ್ಲಿ. ಹತ್ತೋಕಾಗಲ್ಲ, ಇಳಿಯೋಕಾಗಲ್ಲ. ಬಾಯಿ ಬಡ್ಕೊಂಡು ಈ ಟೀಚರಮ್ಮನ್ನ ಕರೆದೆ. ಮೇಲೆ ಹೋಗಿ ಬಾಗಿಲಲ್ಲೇ ನಿಂತು ನೋಡಿ ಬನ್ನಿ, ಏನೂ ಮುಟ್ಬೇಡಿ ಅಂದೆ. ಅವರು ಹೋಗಿ ಬರೋ ತನಕ..." ಅಲ್ಲಿಗೆ ನಿಲ್ಲಿಸಿ ಮುಖ ಒರೆಸಿಕೊಂಡರು, ಗ್ರೀಸ್ ಇನ್ನಷ್ಟು ಹರಡಿತು. "ಯಾರೂ ಇಲ್ಲ, ಬೀಗ ಹಾಕಿದೆ ಅಂದ್ರು. ಆಗ ಉಸಿರು ಬಂತು. ಬೀಗ ಹಾಕಿ ಹೋಗಿದ್ದಾನೆ ಅಂದ್ರೆ ಬದುಕಿದ್ದಾನೆ, ಬರ್ತಾನೆ. ಆಫೀಸಿಗೆ ಗೊತ್ತಾದ್ರೆ ನಿನ್ನ ಕತೆ ಮುಗೀತು ಅಂತ ಸುಮ್ನೆ ಕೂತೆ."

"ಮಾವ," ಹೊಸಬ ಅಂದ, "ನಾನು ಆಫೀಸಿಗೆ ಹೇಳಿಬಿಟ್ಟೆ. ಮೇಡಂ ಬರ್ತಿದಾರೆ."

ಮಾವ ಅವನನ್ನೇ ನೋಡಿದರು. "ಹೇಳಿಬಿಟ್ಯಾ? ಇಷ್ಟು ದಿನ ಹೇಳ್ಬೇಕಾದ್ದು ಹೇಳಲಿಲ್ಲ, ಇವತ್ತು ಹೇಳಬಾರದ್ದು ಹೇಳಿದೆ. ಹಾಗಾದ್ರೆ ನಾನು ಅಷ್ಟು ಹೊತ್ತು ಕೂತಿದ್ದು ದಂಡ."

"ಇನ್ನೂ ಒಂದಿದೆ. ಕೀಲಿ ಜೇಬಲ್ಲಿರೋದನ್ನ ಮರೆತೆ, ಅದು ನಿಜ. ಹೇಳೋದನ್ನ ಮರೆತಿರ್ಲಿಲ್ಲ. ತೂತಿನ ಹತ್ರ ಬಂದು ಕೂತಿದ್ದೆ. ಕರೆದ್ರೆ ನೀವು ತಡಿ ಅಂತೀರ ಅಂತ ಕರೀಲಿಲ್ಲ."

ಒಳಗೆ ಹೊಲಿಗೆ ಯಂತ್ರ ಒಮ್ಮೆ ಸದ್ದುಮಾಡಿ ನಿಂತಿತು.

"ಅಂತಿದ್ದೆ" ಅಂದರು ಮಾವ. "ತಡಿ ಅಂತಾನೇ ಅಂತಿದ್ದೆ. ಆಮೇಲೆ ನೀನು ವಿಷಯ ಹೇಳ್ತಿದ್ದೆ. ನಾನು ಹೋಗು ಅಂತಿದ್ದೆ. ನೀನು ನನ್ನನ್ನ ಒಂದು ಮಹಡಿ ಎತ್ತಿ ಬಿಟ್ಟು ಹೋಗ್ತಿದ್ದೆ. ಒಂದು ಟೀ ಕುಡಿಯೋಷ್ಟು ಹೊತ್ತು ಆಗ್ತಿತ್ತು. ಅಷ್ಟೂ ನನ್ನ ನಂಬಲಿಲ್ಲ ನೀನು."

"ನೀವೇ ಹೇಳಿದ್ರಲ್ಲ ಮಾವ, ಮಗಳು ಹುಟ್ಟಿದಾಗ ಹೋಗಲಿಲ್ಲ, ಹೋಗಿ ಏನು ಮಾಡ್ಬೇಕಿತ್ತು ಅಂತ."

"ಹೇಳಿದ್ದೆ." ಮಾವ ಚೊಂಬನ್ನು ಕೈಯಲ್ಲಿ ತಿರುಗಿಸಿದರು. "ಅವತ್ತು ನನ್ನ ಜೋಡಿ ಆಗಿದ್ದವನು ಯಮ. ರಜೆ ಅಂದ್ರೆ ಸ್ಪ್ಯಾನರ್ ಎಸೀತಿದ್ದ. ನಾನು ಕೇಳಲೇ ಇಲ್ಲ, ಹೆದರಿಕೆ. ಕೇಳಿದ್ರೆ ಕೊಡ್ತಿದ್ದನೋ ಏನೋ, ಈಗ ಯಾರಿಗೆ ಗೊತ್ತು. ಹೆದರ್ಕೊಂಡೆ ಅಂತ ಹೇಳೋಕಾಗುತ್ತಾ? ಅದಕ್ಕೆ ನಾನೇ ಹೋಗಲಿಲ್ಲ ಅಂತ ಹೇಳ್ಕೊಂಡು ತಿರುಗಿದೆ. ಹೇಳಿ ಹೇಳಿ ನಗೋದೂ ಅಭ್ಯಾಸ ಆಯ್ತು. ಮನೇಲಿ ಆ ಮಾತು ಬಂದ್ರೆ ನನ್ನ ಹೆಂಡ್ತಿ ಇವತ್ತಿಗೂ ಎದ್ದು ಒಳಗೆ ಹೋಗ್ತಾಳೆ."

ಹೊಸಬ ಅವರ ಪಕ್ಕ ಮೆಟ್ಟಿಲ ಮೇಲೆ ಕೂತ. ಆ ನಗುವಿಗೆ ತಾನೂ ಜೊತೆಗೂಡಿ ನಕ್ಕಿದ್ದು ನೆನಪಾಗಿ ನಾಚಿಕೆಯಾಯಿತು.

ಮ್ಯಾನೇಜರ್ ಮೇಡಂ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. ಮೊದಲು ಮಾವನನ್ನು ನೋಡಿದರು, ಕೈಕಾಲು ನೆಟ್ಟಗಿವೆಯೇ ಎಂದು. ಆಮೇಲೆ ಹೊಸಬನನ್ನು ನೋಡಿದರು. "ಟ್ರಯಲ್ ಮೇಲಿರೋನು. ಜೋಡೀನ ಶಾಫ್ಟಲ್ಲಿ ಬಿಟ್ಟು ಹೋಗಿದ್ದಾನೆ. ನನ್ನ ಪ್ರಕಾರ ಇದರಲ್ಲಿ ಮಾತಾಡೋಕೆ ಏನೂ ಇಲ್ಲ. ಆದ್ರೆ ಕೇಳಬೇಕಾದ್ದು ಪದ್ಧತಿ, ಕೇಳ್ತಿದ್ದೀನಿ. ಇವನನ್ನ ಏನು ಮಾಡೋಣ?"

ಹೊಸಬ ನೆಲ ನೋಡುತ್ತಾ ನಿಂತ. ಬಾಡಿಗೆ ಮನೆ, ಹೆಂಡತಿ, ಕೆಂಪು ಮುಖದ ಮಗು ಎಲ್ಲ ಅವನ ಕಣ್ಣ ಮುಂದೆ ಬಂದವು.

"ತಪ್ಪು ದೊಡ್ಡದೇ" ಅಂದರು ಮಾವ. "ಬೀಗ ಹಾಕಿ ಹೋಗಿದ್ದಾನೆ, ಅದಕ್ಕೆ ನಾನಿಲ್ಲಿ ಕೂತು ಮಾತಾಡ್ತಿದ್ದೀನಿ. ಹೇಳದೆ ಹೋಗಿದ್ದಾನೆ, ಅದಕ್ಕೆ ಇನ್ನು ಇವನು ಮೇಲೆ ನಿಲ್ಲೋದು ಬೇಡ. ಇವನ ಕೆಳಗೆ ನಾನು ನಿಲ್ಲಲ್ಲ."

ಮಾವನ ಮಾತು ಅಲ್ಲಿಗೇ ಮುಗಿಯಲಿಲ್ಲ.

"ಇನ್ಮೇಲೆ ಶಾಫ್ಟಿಗೆ ಇವನು ಇಳೀಲಿ. ಮೇಲೆ ನಾನು ನಿಲ್ತೀನಿ. ಕೆಳಗೆ ನಿಂತು ಮೇಲಿನವನ ದನಿಗೆ ಕಾಯೋದು ಏನು ಅಂತ ಗೊತ್ತಾಗ್ಲಿ. ಟ್ರಯಲ್ ಮತ್ತೆ ಮೊದಲಿಂದ ಶುರು ಮಾಡಿ. ಹೇಗೂ ನನ್ನ ಮಂಡಿನೂ ಈಗ ಮೊದಲಿನ ಹಾಗಿಲ್ಲ."

ಮೇಡಂ ಯೋಚಿಸಿದರು. ಅವರ ಮುಖದಲ್ಲಿ ಒಪ್ಪಿಗೆಯೇನೂ ಕಾಣಲಿಲ್ಲ. "ನಿಮ್ಮ ಜೀವ, ನಿಮ್ಮ ಮಾತು" ಅಂದರು. "ಇವನಿಗೆ ಒಂದು ಕೊನೇ ಎಚ್ಚರಿಕೆ ಬರೆದು ಕೊಡ್ತೀನಿ, ಅದರಲ್ಲಿ ರಾಜಿ ಇಲ್ಲ. ನಾಳೆಯಿಂದ ಬರ್ತಾನಾ?"

ಮಾವ ಹೊಸಬನ ಕಡೆ ತಿರುಗಿದರು. ಇವನೇ ಮಾತಾಡಬೇಕಿತ್ತು. ಕೆಲಸ ಈಗಷ್ಟೇ, ಕೂದಲೆಳೆಯಲ್ಲಿ, ಉಳಿದಿತ್ತು. ಈ ಹೊತ್ತಿನಲ್ಲಿ ಕೇಳುವ ಮಾತಲ್ಲ ಅದು. ನಾಳೆ ಬಂದೇ ಬರ್ತೀನಿ ಎಂದು ಹೇಳಿಬಿಡುವುದು ಎಷ್ಟು ಸುಲಭವಾಗಿತ್ತು. ಗೋಡೆಯ ಕಡೆ ಹೊರಳಿದ ಬೆನ್ನು ನೆನಪಿಗೆ ಬಂತು.

"ಮಾವ, ನಂಗೆ ಒಂದು ತಿಂಗಳು ರಜೆ ಬೇಕು" ಅಂದ. "ಮನೇಲಿ ಬೇರೆ ಯಾರೂ ಇಲ್ಲ. ಅವಳಿಗೆ ಒಬ್ಬಳೇ ಇರೋಕೆ ಭಯ. ನಂಗೂ ಭಯಾನೇ."

"ಒಂದು ತಿಂಗಳು. ಅಲ್ಲೀ ತನಕ ನನ್ನನ್ನ ಯಾರ ಕೈಗೆ ಕಟ್ತಾರೆ? ಆ ಎದೆಯುಬ್ಬಿಸ್ಕೊಂಡು ಓಡಾಡ್ತಾನಲ್ಲ, ಅವನ ಕೈಗಾ?" ಮಾವ ಗೊಣಗಿದರು. ಮೆಟ್ಟಿಲ ಕಂಬಿ ಹಿಡಿದು ಎದ್ದರು. ಬೆನ್ನು ನೀಡಿಕೊಂಡರು. ಆಮೇಲೆ ಮೇಡಂಗೆ ಹೇಳಿದರು, "ನಂಗೆ ಹೇಳಿದಾನೆ. ನನ್ನ ಅಡ್ಡಿ ಇಲ್ಲ."

ಹೊಸಬ ಆಸ್ಪತ್ರೆಗೆ ಮರಳಿದಾಗ ಕಾರಿಡಾರಿನಲ್ಲಿ ಸಂಜೆಯ ದೀಪ ಹಾಕಿದ್ದರು. ಹೆಂಡತಿ ಎಚ್ಚರವಾಗಿದ್ದಳು. ಮಗು ಪಕ್ಕದಲ್ಲಿ ಮುಷ್ಟಿ ಕಟ್ಟಿಕೊಂಡು ಮಲಗಿತ್ತು.

"ಇಳಿಸಿದ್ರಾ?"

"ಇಳಿಸ್ದೆ. ಚೆನ್ನಾಗಿದಾರೆ."

"ಕೆಲಸ?"

"ಇದೆ. ಮೊದಲಿಂದ ಶುರು."

ಅವಳು ಮುಂದಿನದನ್ನು ಕೇಳಲಿಲ್ಲ. ಅವನೇ ಹೇಳಿದ. "ಕೇಳಿದೆ. ರಜೆ ಸಿಕ್ತು."

ಹೇಳಿದ ಮೇಲೆ ಅವನಿಗೆ ಗೊತ್ತಾಯಿತು, ಶೂ ಬಿಚ್ಚುತ್ತಾ ಹೇಳಿದ್ದು ಇದೇ ಮಾತನ್ನು, ಇದೇ ದನಿಯಲ್ಲಿ. ನಿಜಕ್ಕೆ ಬೇರೆ ಮಾತು ಎಲ್ಲಿಂದ ತರುವುದು? ಇದು ನಿಜವೋ ಸುಳ್ಳೋ ಎಂದು ಅವಳು ಅವನ ಮುಖದಲ್ಲಿ ಹುಡುಕಿದಳು, ಹುಡುಕಿ ಸುಸ್ತಾದಳು.

"ನಂಗೆ ಗೊತ್ತಾಗ್ತಿಲ್ಲ" ಅಂದಳು. "ಮುಂಚೆ ಗೊತ್ತಾಗ್ತಿತ್ತು."

ಆ ಮಾತು ಅವನಿಗೆ ಎಲ್ಲಕ್ಕಿಂತ ಹೆಚ್ಚು ನಾಟಿತು. ಮಾವನಿಗೆ ಫೋನ್ ಮಾಡಿಕೊಡಲೇ ಎಂದು ಕೇಳಿದ. ಅವಳು ಬೇಡವೆಂದು ತಲೆಯಾಡಿಸಿ ಕಣ್ಣು ಮುಚ್ಚಿದಳು. ಸಾಕ್ಷಿ ಕೇಳಿ ನಂಬುವ ಸಂಸಾರ ಅವಳಿಗೆ ಬೇಕಿರಲಿಲ್ಲ. ಅವನು ಕುರ್ಚಿ ಎಳೆದುಕೊಂಡು ಮಂಚದ ಪಕ್ಕ ಕೂತ.

ಬೆಳಿಗ್ಗೆ, ಜನ ಕೆಲಸಕ್ಕೆ ಹೊರಡುವ ಹೊತ್ತಿಗೆ, ಅವಳು ಎದ್ದಳು. ಕಿಟಕಿಯಾಚೆ ಬಸ್ಸುಗಳು ಓಡಾಡುತ್ತಿದ್ದವು. ಅವನು ನಿನ್ನೆಯದೇ ಅಂಗಿಯಲ್ಲಿ, ನಾಲಿಗೆಯನ್ನು ಹಲ್ಲಿನ ನಡುವೆ ಹಿಡಿದುಕೊಂಡು, ಮಗುವಿನ ಬಟ್ಟೆ ಬದಲಾಯಿಸುತ್ತಿದ್ದ. ಹಿಂದಿನದು ಮುಂದಾಗಿತ್ತು. ಮಗು ಕಾಲು ಝಾಡಿಸುತ್ತಿತ್ತು.

ಅವಳು ಸ್ವಲ್ಪ ಹೊತ್ತು ನೋಡಿದಳು.

"ಹಾಗಲ್ಲ" ಅಂದಳು. "ತಿರುಗಿಸಿ ಹಾಕಿ."

ಅವನು ಬಿಚ್ಚಿ ಮತ್ತೆ ಹಾಕತೊಡಗಿದ.